ಬಟನ್ ಬರೆಯಲಿ, ನಾವು ಕಳಿಸೋಣ

ಜನವರಿ ತಿಂಗಳ ಕೊನೆಯ ದಿನ ಸಂಜೆ ಐದೂವರೆಗೆ ಫೋನ್ ಬಂತು. “ಸರ್, ಶೀಟ್ ಯಾಕೋ ಸರಿ ಬರ್ತಾ ಇಲ್ಲ. ಟೋಟಲ್ ತುಂಬಾ ಕಡಿಮೆ ತೋರಿಸ್ತಿದೆ.” ಮಲೆನಾಡಿನ ಒಂದು ಅಡಿಕೆ ಮಾರಾಟ ಸಹಕಾರ ಸಂಘದ ಶಾಖೆಯಿಂದ ಅಲ್ಲಿನ ಗುಮಾಸ್ತೆ ಮಾತಾಡುತ್ತಿದ್ದರು. ಏಳು ಶಾಖೆಗಳಿರುವ ಆ ಸಂಘಕ್ಕೆ ದಿನದ ಆವಕ ಬರೆದಿಡುವ ಎಕ್ಸೆಲ್ ಫೈಲನ್ನು ನಾನೇ ಮಾಡಿಕೊಟ್ಟಿದ್ದೆ. ತಾರೀಖು, ಸದಸ್ಯರ ಖಾತೆ ಸಂಖ್ಯೆ, ಆಮೇಲೆ ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಅಡಿಕೆಯ ಬಗೆಗೊಂದರಂತೆ ನಾಲ್ಕು ಕಾಲಂ. ತಿಂಗಳ ಒಟ್ಟು ತೂಕ ತಾನಾಗಿಯೇ ಬರಬೇಕು. ಆರು ಶಾಖೆಗಳಲ್ಲಿ ಬಂದಿತ್ತು. ಇದೊಂದರಲ್ಲಿ ಮಾತ್ರ ಮೂರನೇ ಒಂದು ಪಾಲೂ ಇರಲಿಲ್ಲ.

ಮೊದಲ ದಿನ ಫೋನಿನಲ್ಲೇ ಸೂತ್ರ ಓದಿಸಿದೆ. ಸೂತ್ರ ಸರಿಯಾಗಿತ್ತು. ಮರುದಿನ ವಾಟ್ಸ್‌ಆ್ಯಪ್‌ನಲ್ಲಿ ಪರದೆಯ ಫೋಟೊ ಬಂತು. ಟ್ಯೂಬ್‌ಲೈಟಿನ ಬೆಳಕು ಅಡ್ಡಬಿದ್ದು, ಕೆಳಗಿನ ಮೊತ್ತದ ಸಾಲು ಬಿಟ್ಟರೆ ಬೇರೇನೂ ಓದುವಂತಿರಲಿಲ್ಲ. ಫೈಲನ್ನೇ ಕಳಿಸಿ ಎಂದೆ. ಸದಸ್ಯರ ಬ್ಯಾಂಕ್ ವಿವರಗಳಿರುವ ಫೈಲ್ ಹೊರಗೆ ಹೋಗಬಾರದು ಎಂದು ಸಂಘದ ಕಾರ್ಯದರ್ಶಿಗಳು ತಡೆದರು. ಅವರು ಮಾಡಿದ್ದು ಸರಿಯೇ. ನಾಲ್ಕನೇ ದಿನ ಬಸ್ಸು ಹತ್ತಿ ನಾನೇ ಹೋದೆ. ಕುರ್ಚಿಯಲ್ಲಿ ಕೂತು ಎರಡು ನಿಮಿಷ ಆಗಿರಲಿಲ್ಲ, ಪರದೆಯ ಬಲತುದಿಯಲ್ಲಿ ಗಡಿಯಾರದ ಕೆಳಗಿನ ತಾರೀಖು ಕಣ್ಣಿಗೆ ಬಿತ್ತು. ತಿಂಗಳು ಮೊದಲು, ದಿನ ಆಮೇಲೆ. ಒಂಬತ್ತನೇ ತಾರೀಖು ಸಂಜೆ ಆ ಕಂಪ್ಯೂಟರ್ ರಿಪೇರಿಗೆ ಹೋಗಿ ಬಂದಿತ್ತು. ವಿಂಡೋಸನ್ನು ಹೊಸದಾಗಿ ಹಾಕಿದವರು ದೇಶದ ಜಾಗದಲ್ಲಿ ಅಮೆರಿಕವನ್ನು ಹಾಗೆಯೇ ಬಿಟ್ಟಿದ್ದರು. ಅಲ್ಲಿಂದ ಮುಂದೆ ಗುಮಾಸ್ತೆ ಟೈಪ್ ಮಾಡಿದ ಜನವರಿ 10, 11, 12 ಎಂಬ ತಾರೀಖುಗಳು ಎಕ್ಸೆಲ್ ಪಾಲಿಗೆ ಅಕ್ಟೋಬರ್, ನವೆಂಬರ್, ಡಿಸೆಂಬರ್ ತಿಂಗಳ ಒಂದನೇ ತಾರೀಖುಗಳಾದವು. 13ರಿಂದ ಮುಂದಿನವು ತಾರೀಖುಗಳೇ ಆಗಲಿಲ್ಲ. ಹದಿಮೂರನೇ ತಿಂಗಳು ಎಂಬುದು ಇಲ್ಲವಲ್ಲ! ಅವು ಬರಿಯ ಅಕ್ಷರಗಳಾಗಿ ಸೆಲ್ಲಿನ ಎಡಕ್ಕೆ ಅಂಟಿಕೊಂಡು ಕೂತಿದ್ದವು. ಒಂಬತ್ತು ದಿನದ ಲೆಕ್ಕ ಮಾತ್ರ ಜನವರಿಯ ಮೊತ್ತಕ್ಕೆ ಸೇರಿತ್ತು.

ವಾಪಸು ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಆ ಹೆಣ್ಣುಮಗಳು ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದ್ದರು. ಗೊತ್ತಿಲ್ಲದ್ದನ್ನು ಹೇಳಲು ಅವರಿಂದ ಹೇಗೆ ಸಾಧ್ಯ? ಆದರೆ ಆ ಕಂಪ್ಯೂಟರಿಗೆ ಎಲ್ಲವೂ ಗೊತ್ತಿತ್ತು. ಯಾವ ದೇಶದ ಪದ್ಧತಿ, ಯಾವ ಎಕ್ಸೆಲ್, ಯಾವ ಶೀಟು, ಯಾವ ಸೆಲ್ಲು. ಕೇಳುವವರಿರಲಿಲ್ಲ. ಮುಂದಿನ ವಾರವೇ ಆ ಫೈಲಿನ ಮೇಲ್ಪಟ್ಟಿಯಲ್ಲಿ ಒಂದು ಬಟನ್ ಕೂರಿಸಿದೆ. ಒತ್ತಿದರೆ ನನ್ನ ವಿಳಾಸ, ವಿಷಯ, ಬೇಕಾದ ವಿವರ ಎಲ್ಲ ತುಂಬಿಕೊಂಡ ಇಮೇಲ್ ತೆರೆದುಕೊಳ್ಳುತ್ತದೆ. ಈ ಬಟನ್ ಬಗ್ಗೆ ಹಿಂದೊಮ್ಮೆ ಈ ಅಂಕಣದಲ್ಲಿ ಎರಡು ಸಾಲು ಬರೆದಿದ್ದೆ. ಅಂದಿನಿಂದ ಓದುಗರ ಪತ್ರಗಳು ನಿಂತಿಲ್ಲ. ಶಾಲೆಯ ಶುಲ್ಕದ ಲೆಕ್ಕ ನೋಡುವವರು, ಲೆಕ್ಕಪರಿಶೋಧಕರ ಕಚೇರಿಯವರು, ಗಾರ್ಮೆಂಟ್ಸ್ ಘಟಕದ ಸ್ಟೋರ್ ಕೀಪರ್, ಎಲ್ಲರದೂ ಒಂದೇ ಕೇಳಿಕೆ: ಅದನ್ನು ಮಾಡುವುದು ಹೇಗೆ? ಇಂದು ಅದನ್ನೇ ಬಿಡಿಸಿ ಹೇಳುತ್ತೇನೆ. ಇದರಲ್ಲಿ ನನಗೆ ಗಟ್ಟಿಯಾದ ಒಂದು ಅಭಿಪ್ರಾಯವಿದೆ, ಅದೂ ಜೊತೆಗೇ ಬರುತ್ತದೆ.

ತೀರಾ ಸರಳವಾದ ದಾರಿಗೆ ಮ್ಯಾಕ್ರೋ, ಅಂದರೆ ಫೈಲಿನೊಳಗೆ ಬರೆದಿಡುವ ಪುಟ್ಟ ಪ್ರೋಗ್ರಾಂ, ಕೂಡ ಬೇಡ. ವೆಬ್ ವಿಳಾಸ ಹೇಗೋ ಹಾಗೆ ಇಮೇಲಿಗೂ ಒಂದು ಕೊಂಡಿಯಿದೆ, ‘ಮೇಲ್‌ಟು’ ಎಂದು ಶುರುವಾಗುತ್ತದೆ. ಅದರ ಬೆನ್ನಿಗೆ ವಿಳಾಸ, ಒಂದು ಪ್ರಶ್ನಾರ್ಥಕ ಚಿಹ್ನೆ, ವಿಷಯ, ಒಡಲು. ಒತ್ತಿದೊಡನೆ ಆ ಕಂಪ್ಯೂಟರಿನಲ್ಲಿ ಯಾವ ಇಮೇಲ್ ವ್ಯವಸ್ಥೆ ಇದೆಯೋ ಅದು ತುಂಬಿದ ಪತ್ರವನ್ನು ಮುಂದಿಡುತ್ತದೆ. ವಿಷಯ, ಒಡಲುಗಳನ್ನೂ ಹೀಗೆ ಕೊಂಡಿಯಲ್ಲಿ ಹೊಸೆಯುವ ನಿಯಮ 1998ರಲ್ಲಿ ಅಂತರ್ಜಾಲದ ಮಾನಕವಾಗಿ ಬಂತು, 2010ರಲ್ಲಿ ಪರಿಷ್ಕರಣೆಯಾಯಿತು. ಎಕ್ಸೆಲ್‌ನ ‘ಹೈಪರ್‌ಲಿಂಕ್’ ಸೂತ್ರದೊಳಗೆ ಈ ಕೊಂಡಿಯನ್ನು ಇಟ್ಟರೆ ಶೀಟಿನಲ್ಲೇ ಒಂದು ಸೆಲ್ಲು ಬಟನ್ನಿನಂತೆ ಕೆಲಸ ಮಾಡುತ್ತದೆ.

ಇಲ್ಲಿ ಎರಡು ತೊಡಕುಗಳಿವೆ. ಕೊಂಡಿಯೊಳಗೆ ಖಾಲಿ ಜಾಗ ಇರುವಂತಿಲ್ಲ, ಅದರ ಬದಲು %20 ಎಂದು ಬರೆಯಬೇಕು. ‘&’ ಗುರುತಿಗೂ ಅಲ್ಲಿ ಬೇರೆಯೇ ಅರ್ಥ, ಒಂದು ಭಾಗ ಮುಗಿದು ಇನ್ನೊಂದು ಶುರುವಾಯಿತು ಎಂದು. ನಿಮ್ಮ ಶೀಟಿನ ಹೆಸರು ‘ಆವಕ & ಮಾರಾಟ’ ಎಂದಿದ್ದು ಅದನ್ನು ಹಾಗೆಯೇ ವಿಷಯಕ್ಕೆ ಹಾಕಿದರೆ, ವಿಷಯದಲ್ಲಿ ‘ಆವಕ’ ಉಳಿದು ‘ಮಾರಾಟ’ ಮಾಯವಾಗುತ್ತದೆ. ಎಕ್ಸೆಲ್ 2013ರಿಂದ ಈಚೆಗೆ ‘ಎನ್‌ಕೋಡ್‌ಯುಆರ್‌ಎಲ್’ ಎಂಬ ಸೂತ್ರ ಬಂದಿದೆ. ವಿಷಯವನ್ನೂ ಒಡಲನ್ನೂ ಮೊದಲು ಅದರೊಳಗೆ ಹಾಯಿಸಿದರೆ ಈ ತಾಪತ್ರಯ ಇರುವುದಿಲ್ಲ.

ಎರಡನೆಯದು ಕನ್ನಡಿಗರಿಗೇ ಹೆಚ್ಚು ಬಾಧಿಸುವಂಥದ್ದು. ಹೈಪರ್‌ಲಿಂಕ್ ಸೂತ್ರದ ಕೊಂಡಿ 255 ಚಿಹ್ನೆಗಳನ್ನು ದಾಟುವಂತಿಲ್ಲ. ಇಂಗ್ಲಿಷಿನ ಒಂದು ಅಕ್ಷರ ಕೊಂಡಿಯಲ್ಲಿ ಒಂದೇ ಜಾಗ ಹಿಡಿಯುತ್ತದೆ. ಕನ್ನಡದ ಪ್ರತಿ ಸಂಕೇತ ಮೂರು ಬೈಟ್, ಪ್ರತಿ ಬೈಟಿಗೂ ಪರ್ಸೆಂಟ್ ಗುರುತು ಸೇರಿ ಮೂರು ಚಿಹ್ನೆ, ಅಂದರೆ ಒಂದು ಸಂಕೇತಕ್ಕೆ ಒಂಬತ್ತು. ‘ಶಿವಮೊಗ್ಗ’ ಎಂಬುದು ನಮ್ಮ ಕಣ್ಣಿಗೆ ನಾಲ್ಕಕ್ಷರ. ಯೂನಿಕೋಡ್ ಅದನ್ನು ವ್ಯಂಜನ, ಗುಣಿತದ ಚಿಹ್ನೆ, ವಿರಾಮ ಎಲ್ಲ ಬಿಡಿಸಿ ಎಂಟು ಸಂಕೇತವಾಗಿ ಎಣಿಸುತ್ತದೆ. ಕೊಂಡಿಯಲ್ಲಿ ಅದು 72 ಚಿಹ್ನೆಗಳಾಗಿ ಹರಡುತ್ತದೆ. ಹಾಗಾಗಿ ಈ ದಾರಿಯಲ್ಲಿ ಕನ್ನಡದ ವಿಷಯವೊಂದನ್ನು ಬರೆಯಬಹುದು, ಅಷ್ಟೆ. ಕನ್ನಡದ ಪತ್ರ ಬರೆಯಲಾಗದು. ಫೈಲ್ ಲಗತ್ತಿಸುವುದಂತೂ ಈ ಕೊಂಡಿಯಿಂದ ಆಗುವುದೇ ಇಲ್ಲ.

ಕಂಪ್ಯೂಟರಿನಲ್ಲಿ ಔಟ್‌ಲುಕ್ ಇದ್ದರೆ ದಾರಿ ಅಗಲವಾಗುತ್ತದೆ. ಎಕ್ಸೆಲ್‌ನ ಒಳಗಿರುವ ವಿಬಿಎ ಎಂಬ ಭಾಷೆಯಲ್ಲಿ ಹತ್ತು ಹನ್ನೆರಡು ಸಾಲಿನ ಮ್ಯಾಕ್ರೋ ಬರೆದು, ಔಟ್‌ಲುಕ್ಕನ್ನು ಕರೆದು, ಹೊಸ ಪತ್ರ ತೆಗೆಸಿ, ಯಾರಿಗೆ, ಏನು ವಿಷಯ, ಏನು ಒಡಲು ಎಂದು ಒಂದೊಂದಾಗಿ ತುಂಬಬಹುದು. ಉದ್ದದ ಚಿಂತೆಯಿಲ್ಲ, ಕನ್ನಡಕ್ಕೂ ಅಡ್ಡಿಯಿಲ್ಲ, ಲಗತ್ತೂ ಸಾಧ್ಯ. ಔಟ್‌ಲುಕ್ ಇಲ್ಲದ ಕಂಪ್ಯೂಟರಿನಲ್ಲಿ ಇದೇ ಮ್ಯಾಕ್ರೋ 429 ಎಂಬ ದೋಷ ಸಂಖ್ಯೆ ತೋರಿಸಿ ನಿಲ್ಲುತ್ತದೆ. ಜಿಮೇಲನ್ನು ಬ್ರೌಸರಿನಲ್ಲೇ ನೋಡುವ ಕಚೇರಿಗಳು ನಮ್ಮಲ್ಲಿ ಬಹಳ. ಆದ್ದರಿಂದ ಮೊದಲು ಔಟ್‌ಲುಕ್ ಕರೆದು, 429 ಬಂದರೆ ಮೇಲ್‌ಟು ಕೊಂಡಿಯ ಚಿಕ್ಕ ಪತ್ರಕ್ಕೆ ಇಳಿಯುವಂತೆ ಮ್ಯಾಕ್ರೋ ಬರೆಯುವುದು ಒಳ್ಳೆಯದು. ಇನ್ನೊಂದು ಮಾತು: ಮೈಕ್ರೋಸಾಫ್ಟ್ ಈಗ ಮುಂದೆ ತಳ್ಳುತ್ತಿರುವ ‘ಹೊಸ ಔಟ್‌ಲುಕ್’ ಈ ಬಗೆಯ ಕರೆಗೆ ಓಗೊಡುವುದಿಲ್ಲ, ಹಳೆಯದೇ ಬೇಕು. ಎಕ್ಸೆಲ್ಲನ್ನು ಬ್ರೌಸರಿನಲ್ಲಿ ಅಥವಾ ಮೊಬೈಲಿನಲ್ಲಿ ತೆರೆದರೆ ವಿಬಿಎ ಓಡುವುದೇ ಇಲ್ಲ. ಇವೆರಡನ್ನೂ ತಿಳಿದುಕೊಂಡೇ ಕೆಲಸಕ್ಕೆ ಕೈಹಾಕಿ.

ಈಗ ನನ್ನ ಅಭಿಪ್ರಾಯ. ಪತ್ರ ತುಂಬಿದ ಮೇಲೆ ಕೊನೆಯ ಸಾಲಿನಲ್ಲಿ ಎರಡು ಆಯ್ಕೆಗಳಿರುತ್ತವೆ. ‘ಸೆಂಡ್’ ಎಂದರೆ ಪತ್ರ ಆಗಲೇ ಹೋಯಿತು, ಯಾರೂ ನೋಡುವುದಿಲ್ಲ. ‘ಡಿಸ್‌ಪ್ಲೇ’ ಎಂದರೆ ಪತ್ರ ಪರದೆಯ ಮೇಲೆ ತೆರೆದು ನಿಲ್ಲುತ್ತದೆ, ಓದಿ, ತಿದ್ದಿ, ಕಳಿಸುವ ಗುಂಡಿಯನ್ನು ಮನುಷ್ಯರೇ ಒತ್ತಬೇಕು. ನೆರವು ಕೇಳುವ ಪತ್ರಕ್ಕೆ ಎರಡನೆಯದೇ ಸರಿ ಎಂದು ನಾನು ಹಟ ಹಿಡಿಯುತ್ತೇನೆ. ಒಂದು ಒತ್ತು ಉಳಿಯುತ್ತದೆಂದು ಮೊದಲನೆಯದನ್ನು ಆರಿಸಿಕೊಳ್ಳುವವರು ಅದರ ಬೆಲೆ ತಿಳಿದಿರುವುದಿಲ್ಲ.

ಕಾರಣವಿಲ್ಲದೆ ಹೇಳುತ್ತಿಲ್ಲ. ನಾನು ಕೆಲಸ ಮಾಡಿದ ಇನ್ನೊಂದು ಕಚೇರಿಯಲ್ಲಿ ಹೀಗೊಂದು ಬಟನ್ ಇತ್ತು, ಮ್ಯಾಕ್ರೋ ಬೇರೆ ಯಾರೋ ಬರೆದದ್ದು. ಒತ್ತಿದರೆ ಮುಂದೆ ತೆರೆದಿರುವ ಫೈಲನ್ನು ಲಗತ್ತಿಸಿ, ಸದ್ದಿಲ್ಲದೆ ಹೊರಗಿನ ನೆರವು ತಂಡಕ್ಕೆ ಕಳಿಸುತ್ತಿತ್ತು. ಒಂದು ದಿನ ಸ್ಟಾಕ್ ಫೈಲಿನಲ್ಲಿ ತೊಂದರೆ ಬಂತೆಂದು ಒಬ್ಬರು ಬಟನ್ ಒತ್ತಿದರು. ಆ ಕ್ಷಣ ಮುಂದೆ ಇದ್ದದ್ದು ಸಂಬಳದ ಪಟ್ಟಿ. ಇಡೀ ಕಚೇರಿಯ ಸಂಬಳ, ಸಾಲದ ಕಡಿತ, ಬ್ಯಾಂಕ್ ಖಾತೆ ಎಲ್ಲ ಹೊರಗಿನವರ ಕೈಸೇರಿತು. ಎಕ್ಸೆಲ್‌ನಲ್ಲಿ ‘ಆಕ್ಟಿವ್ ವರ್ಕ್‌ಬುಕ್’ ಎಂದರೆ ಕಣ್ಣೆದುರು ಇರುವ ಫೈಲು, ‘ದಿಸ್ ವರ್ಕ್‌ಬುಕ್’ ಎಂದರೆ ಮ್ಯಾಕ್ರೋ ಬರೆದಿಟ್ಟ ಫೈಲು. ಒಂದು ಪದದ ವ್ಯತ್ಯಾಸ ಆವತ್ತು ಒಬ್ಬ ಸಜ್ಜನರ ಕಣ್ಣಲ್ಲಿ ನೀರು ತರಿಸಿತು. ಪತ್ರ ತೆರೆದು ನಿಂತಿದ್ದರೆ ಲಗತ್ತಿನ ಹೆಸರನ್ನು ಅವರು ಖಂಡಿತ ನೋಡುತ್ತಿದ್ದರು.

ಮ್ಯಾಕ್ರೋಗಳು ಮನುಷ್ಯರನ್ನು ಕೇಳದೆ ಪತ್ರ ಕಳಿಸಿದರೆ ಏನಾಗುತ್ತದೆ ಎಂಬುದನ್ನು ಜಗತ್ತು 1999ರ ಮಾರ್ಚಿನಲ್ಲೇ ಕಂಡಿದೆ. ‘ಮೆಲಿಸ್ಸಾ’ ಎಂಬ ವೈರಸ್ ವರ್ಡ್ ಫೈಲಿನೊಳಗಿನ ಒಂದು ಮ್ಯಾಕ್ರೋ. ತೆರೆದವರ ಔಟ್‌ಲುಕ್ ವಿಳಾಸಪಟ್ಟಿಯ ಮೊದಲ 50 ವಿಳಾಸಗಳಿಗೆ ತನ್ನನ್ನೇ ಕಳಿಸಿಕೊಳ್ಳುತ್ತಿತ್ತು. ಮರುವರ್ಷ ಮೇ ತಿಂಗಳಲ್ಲಿ ‘ಐ ಲವ್ ಯು’ ಬಂತು, ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ಹೋಯಿತು. ಅದಾದ ಮೇಲೆಯೇ ಮೈಕ್ರೋಸಾಫ್ಟ್ ಔಟ್‌ಲುಕ್‌ಗೆ ಕಾವಲು ಹಾಕಿತು. ಹೊರಗಿನ ಪ್ರೋಗ್ರಾಂ ಪತ್ರ ಕಳಿಸಲು ಹೊರಟರೆ ‘ನಿಮ್ಮ ಪರವಾಗಿ ಯಾರೋ ಪತ್ರ ಕಳಿಸುತ್ತಿದ್ದಾರೆ, ಬಿಡಲೇ?’ ಎಂಬ ಅರ್ಥದ ಎಚ್ಚರಿಕೆ ಬರುವಂತಾಯಿತು. ಪತ್ರವನ್ನು ಬರಿದೆ ತೆರೆದು ತೋರಿಸಿದರೆ ಆ ಎಚ್ಚರಿಕೆ ಬರುವುದಿಲ್ಲ. ಕಳಿಸುವವರು ಮನುಷ್ಯರೇ ಆದಾಗ ಕಾವಲುಗಾರನಿಗೆ ಕೆಲಸವಿಲ್ಲ.

ಪತ್ರದೊಳಗೆ ಏನಿರಬೇಕು ಎಂಬುದು ಈ ವಿಷಯದ ತಿರುಳು. ಬಹಳ ಜನ ವಿಳಾಸ ತುಂಬಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ವಿಳಾಸವನ್ನು ಜನ ಹೇಗೂ ನೆನಪಿಟ್ಟುಕೊಳ್ಳುತ್ತಾರೆ. ಅವರಿಂದ ಹೇಳಲಾಗದ್ದನ್ನು ಬಟನ್ ಹೇಳಬೇಕು. ಫೈಲಿನ ಹೆಸರು, ಶೀಟಿನ ಹೆಸರು, ಕರ್ಸರ್ ನಿಂತಿದ್ದ ಸೆಲ್ಲಿನ ವಿಳಾಸ, ಆ ಸೆಲ್ಲಿನಲ್ಲಿದ್ದ ಸೂತ್ರ, ದೋಷ ಬಂದಿದ್ದರೆ ಅದರ ಸಂಖ್ಯೆ ಮತ್ತು ವಿವರ, ಹೊತ್ತು. ಇವೆಲ್ಲ ಒಂದೊಂದು ಪದದ ಆಜ್ಞೆಗೆ ಎಕ್ಸೆಲ್ ಕೊಡುವ ಮಾಹಿತಿಗಳು. ಎಕ್ಸೆಲ್‌ನ ಆವೃತ್ತಿ ಕೇಳುವಾಗ ಮಾತ್ರ ಎಚ್ಚರವಿರಲಿ. 2016, 2019, 2021, ಚಂದಾ ಕಟ್ಟಿ ಬಳಸುವ 365, ನಾಲ್ಕೂ ‘16.0’ ಎಂದೇ ಉತ್ತರಿಸುತ್ತವೆ. ಜೊತೆಗೆ ‘ಬಿಲ್ಡ್’ ಸಂಖ್ಯೆಯನ್ನೂ ಕೇಳಿಕೊಂಡರೆ ಸ್ವಲ್ಪ ಸ್ಪಷ್ಟವಾಗುತ್ತದೆ. ಬಳಸುವವರ ಹೆಸರನ್ನು ಎಕ್ಸೆಲ್‌ನಿಂದ ಕೇಳಿ ಪ್ರಯೋಜನವಿಲ್ಲ. ಅಲ್ಲಿ ‘ಅಡ್ಮಿನ್’ ಎಂದೋ, ಕಂಪ್ಯೂಟರ್ ಮಾರಿದ ಅಂಗಡಿಯ ಹೆಸರೋ ಇರುವುದೇ ಹೆಚ್ಚು. ಶಾಖೆಯ ಹೆಸರನ್ನು ಫೈಲಿನ ಒಂದು ಸೆಲ್ಲಿನಲ್ಲಿ ಬರೆದಿಟ್ಟು ಅಲ್ಲಿಂದ ತೆಗೆದುಕೊಳ್ಳಿ.

ಇನ್ನು ದೇಶದ ಪದ್ಧತಿ. ವಿಂಡೋಸಿನಲ್ಲಿ ಯಾವ ದೇಶವನ್ನು ಆರಿಸಿದೆ ಎಂದು ಎಕ್ಸೆಲ್ಲನ್ನು ಕೇಳಿದರೆ ಒಂದು ಸಂಖ್ಯೆ ಕೊಡುತ್ತದೆ. ಭಾರತಕ್ಕೆ 91, ಅಮೆರಿಕಕ್ಕೆ 1, ನಮ್ಮ ಫೋನುಗಳ ದೇಶಸಂಕೇತಗಳೇ. ನನ್ನ ಬಟನ್ ತಾನೇ ತುಂಬುವ ವಿವರಗಳಲ್ಲಿ ಇದು ಮೂರನೇ ಸಾಲು. ಆ ಜನವರಿಯ ನಂತರ ಇನ್ನೂ ಎರಡು ಶಾಖೆಗಳಿಂದ ಇಂಥದೇ ದೂರು ಬಂತು. ಪತ್ರ ತೆರೆದಾಗ ‘ದೇಶ: 1’ ಎಂದಿತ್ತು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಎಲ್ಲಿ ಬದಲಿಸಬೇಕು ಎಂದು ಉತ್ತರ ಬರೆದೆ, ಕೆಟ್ಟ ತಾರೀಖುಗಳನ್ನು ಮತ್ತೆ ಟೈಪ್ ಮಾಡಿಸಿದೆ. ಬಸ್ಸು ಹತ್ತಬೇಕಾಗಲಿಲ್ಲ.

ಯಂತ್ರ ಹೇಳುವುದು ಮುಗಿದ ಮೇಲೆ ಮನುಷ್ಯರ ಪಾಲು. ಅದಕ್ಕೆ ಪತ್ರದ ಮೇಲ್ಭಾಗದಲ್ಲಿ ಮೂರೇ ಪ್ರಶ್ನೆ ಇಡುತ್ತೇನೆ, ಕನ್ನಡದಲ್ಲಿ: ಏನು ಮಾಡಲು ಹೊರಟಿದ್ದಿರಿ? ಏನಾಗಬೇಕಿತ್ತು? ಏನಾಯಿತು? ಪ್ರತಿಯೊಂದರ ಕೆಳಗೂ ಒಂದು ಖಾಲಿ ಸಾಲು. ಹತ್ತು ಪ್ರಶ್ನೆ ಇಟ್ಟು ನೋಡಿದ್ದೇನೆ, ಜನ ಒಂದಕ್ಕೂ ಉತ್ತರಿಸದೆ ಫೋನ್ ಮಾಡಿದರು. ಮೂರಕ್ಕೆ ಉತ್ತರಿಸುತ್ತಾರೆ. ಕೆಲವೊಮ್ಮೆ ಎರಡನೆಯ ಪ್ರಶ್ನೆಗೆ ಉತ್ತರ ಬರೆಯುವಷ್ಟರಲ್ಲಿ ತಪ್ಪು ಅವರಿಗೇ ಹೊಳೆದು, ಪತ್ರ ಕಳಿಸದೆ ಮುಚ್ಚಿದ್ದೂ ಉಂಟು. ಒಬ್ಬರು ಹಾಗೆಂದು ಫೋನ್ ಮಾಡಿ ಸಂತೋಷದಿಂದ ಹೇಳಿದರು. ‘ಸೆಂಡ್’ ಹಾಕಿದ್ದರೆ ಅಂಥ ಗಳಿಗೆಗೆ ಜಾಗವೇ ಇರುತ್ತಿರಲಿಲ್ಲ.

ಕನ್ನಡದ ಪ್ರಶ್ನೆ ಎಂದೆನಲ್ಲ, ಅದನ್ನು ಮ್ಯಾಕ್ರೋದೊಳಗೆ ನೇರವಾಗಿ ಬರೆಯಲು ಹೋಗಬೇಡಿ. ವಿಬಿಎ ಬರೆಯುವ ಕಿಟಕಿ ಯೂನಿಕೋಡಿಗಿಂತ ಹಿಂದಿನ ಕಾಲದ್ದು. ಅಲ್ಲಿ ಕನ್ನಡ ಅಂಟಿಸಿದರೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳಷ್ಟೇ ಉಳಿಯುತ್ತವೆ. ಅದೇ ವಿಬಿಎ ತೋರಿಸುವ ಪುಟ್ಟ ಸಂದೇಶಪೆಟ್ಟಿಗೆಯಲ್ಲೂ ಇದೇ ಕಥೆ. ಓದುಗರೊಬ್ಬರು ‘ನನ್ನ ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ’ ಎಂದು ಬೇಸರಪಟ್ಟು ಬರೆದಿದ್ದರು. ಅವರ ಕಂಪ್ಯೂಟರಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ವಿಂಡೋಸ್ ಎಕ್ಸ್‌ಪಿ ಕಾಲದಿಂದಲೂ ‘ತುಂಗಾ’ ಎಂಬ ಕನ್ನಡ ಫಾಂಟ್ ಜೊತೆಗೇ ಬರುತ್ತಿತ್ತು, ಈಗ ‘ನಿರ್ಮಲಾ’ ಇದೆ. ಆ ಒಂದು ಕಿಟಕಿಗೆ ಮಾತ್ರ ಬರುವುದಿಲ್ಲ. ಉಪಾಯ ಸುಲಭ. ಫೈಲಿನಲ್ಲಿ ‘ಸೆಟ್ಟಿಂಗ್ಸ್’ ಎಂದೊಂದು ಶೀಟ್ ಮಾಡಿ, ಕನ್ನಡದ ವಾಕ್ಯಗಳನ್ನೆಲ್ಲ ಅಲ್ಲಿನ ಸೆಲ್ಲುಗಳಲ್ಲಿ ಬರೆದಿಡಿ. ಮ್ಯಾಕ್ರೋ ಅಲ್ಲಿಂದ ಎತ್ತಿಕೊಂಡು ಔಟ್‌ಲುಕ್‌ಗೆ ಕೊಟ್ಟರೆ ಒತ್ತಕ್ಷರವೂ ಮುಕ್ಕಾಗದೆ ಹೋಗುತ್ತದೆ. ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದಾದರೆ ಬೇಡ. ನಿಮ್ಮ ಪರದೆಯಲ್ಲಿ ಚೆಂದದ ಕನ್ನಡ ಕಂಡರೂ ಪತ್ರ ತಲುಪಿದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಿಸುತ್ತದೆ. ಅದೇ ತಂತ್ರಾಂಶಗಳಲ್ಲಿ ಯೂನಿಕೋಡ್ ಆಯ್ಕೆ ಇದೆ, ಅದನ್ನು ಆರಿಸಿಕೊಂಡು ಟೈಪ್ ಮಾಡಿ.

ಬಟನ್ ಕೂರಿಸುವ ಜಾಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಕ್ಸೆಲ್ 2003ರವರೆಗೆ ಟೂಲ್‌ಬಾರ್‌ಗಳನ್ನು ಮನಸ್ಸಿಗೆ ಬಂದಂತೆ ಕಟ್ಟಿಕೊಳ್ಳಬಹುದಿತ್ತು. ಹೊಸ ಬಟನ್ ಎಳೆದು ತಂದರೆ ಹಳದಿ ನಗುಮುಖದ ಚಿತ್ರವೇ ಮೊದಲು ಬರುತ್ತಿತ್ತು, ಹಳಬರಿಗೆ ನೆನಪಿರುತ್ತದೆ. 2007ರಲ್ಲಿ ‘ರಿಬ್ಬನ್’ ಬಂದು ಆ ಟೂಲ್‌ಬಾರ್‌ಗಳು ಹೋದವು. ಉಳಿದದ್ದು ಮೇಲುತುದಿಯ ‘ಕ್ವಿಕ್ ಆಕ್ಸೆಸ್ ಟೂಲ್‌ಬಾರ್’. ಫೈಲ್ ಮೆನುವಿನ ಆಯ್ಕೆಗಳಲ್ಲಿ ಅದನ್ನು ತೆರೆದು, ಆಜ್ಞೆಗಳ ಪಟ್ಟಿಯಲ್ಲಿ ‘ಮ್ಯಾಕ್ರೋಸ್’ ಆರಿಸಿ, ನಿಮ್ಮ ಮ್ಯಾಕ್ರೋವನ್ನು ಸೇರಿಸಿ. ಹೆಸರನ್ನೂ ಚಿತ್ರವನ್ನೂ ಅಲ್ಲೇ ಬದಲಿಸಬಹುದು. ಬಲಬದಿಯಲ್ಲಿ ‘ಎಲ್ಲ ಫೈಲುಗಳಿಗೆ’ ಎಂಬುದರ ಬದಲು ಈ ಫೈಲಿನ ಹೆಸರನ್ನೇ ಆರಿಸಿದರೆ ಬಟನ್ ಫೈಲಿನ ಜೊತೆಗೇ ಪ್ರಯಾಣ ಮಾಡುತ್ತದೆ. ಏಳು ಶಾಖೆಗೂ ಹೋಗಿ ಒಂದೊಂದಾಗಿ ಕೂರಿಸುವುದು ಬೇಡ. ಇದನ್ನು ಬಹಳ ಜನ ಗಮನಿಸಿರುವುದಿಲ್ಲ.

ಫೈಲನ್ನು ಇಮೇಲ್‌ನಲ್ಲಿ ಹಂಚಿದರೆ ಮಾತ್ರ ಒಂದು ಅಡ್ಡಗೋಡೆಯಿದೆ. ಅಂತರ್ಜಾಲದಿಂದ ಬಂದ ಫೈಲುಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತಿದೆ. ಕೆಂಪು ಪಟ್ಟಿ ಕಾಣಿಸುತ್ತದೆ, ಬಟನ್ ಸತ್ತಂತೆ ಬಿದ್ದಿರುತ್ತದೆ. ಫೈಲಿನ ಮೇಲೆ ಬಲಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’ನಲ್ಲಿ ‘ಅನ್‌ಬ್ಲಾಕ್’ ಗುರುತು ಹಾಕಿದರೆ ಬಿಡುಗಡೆ. ಹೀಗೆ ಮಾಡಿ ಎಂದು ಸಿಬ್ಬಂದಿಗೆ ಹೇಳುವಾಗ, ನನ್ನ ಈ ಒಂದು ಫೈಲಿಗೆ ಮಾತ್ರ, ಫೋನಿನಲ್ಲಿ ನನ್ನನ್ನು ಕೇಳಿ ಖಚಿತಪಡಿಸಿಕೊಂಡು ಮಾತ್ರ ಎಂದು ಸೇರಿಸಿಯೇ ಹೇಳುತ್ತೇನೆ. ಕಂಡಕಂಡ ಫೈಲಿಗೆಲ್ಲ ಅನ್‌ಬ್ಲಾಕ್ ಮಾಡುವ ಅಭ್ಯಾಸ ಬೆಳೆದರೆ ಮೆಲಿಸ್ಸಾಗೆ ಬಾಗಿಲು ತೆರೆದ ಹಾಗೆ.

ಗೂಗಲ್ ಶೀಟ್ಸ್ ಬಳಸುವವರಿಗೆ ಟೂಲ್‌ಬಾರ್ ಬಟನ್ ಸಿಗುವುದಿಲ್ಲ, ಆದರೆ ‘ಆ್ಯಪ್ಸ್ ಸ್ಕ್ರಿಪ್ಟ್’ ಬರೆದು ಮೇಲೆ ತಮ್ಮದೇ ಮೆನು ಸೇರಿಸಬಹುದು. ಅಲ್ಲಿ ಕನ್ನಡವನ್ನು ನೇರವಾಗಿ ಬರೆಯಬಹುದು ಎಂಬುದು ದೊಡ್ಡ ನೆಮ್ಮದಿ. ಪತ್ರವನ್ನು ಒಮ್ಮೆಲೇ ಕಳಿಸುವ ಆಜ್ಞೆಯೂ ಇದೆ, ಜಿಮೇಲ್‌ನಲ್ಲಿ ಕರಡಾಗಿ ಇಟ್ಟುಕೊಳ್ಳುವ ಆಜ್ಞೆಯೂ ಇದೆ. ಕರಡನ್ನೇ ಆರಿಸಿಕೊಳ್ಳಿ. ಸಾಮಾನ್ಯ ಜಿಮೇಲ್ ಖಾತೆಯಿಂದ ಸ್ಕ್ರಿಪ್ಟ್ ಮೂಲಕ ದಿನಕ್ಕೆ 100 ಜನರಿಗಷ್ಟೇ ಕಳಿಸಲು ಬಿಡುತ್ತಾರೆ. ನೆರವಿನ ಪತ್ರಕ್ಕೆ ಅದು ಧಾರಾಳವಾಯಿತು.

ಲಗತ್ತಿನ ವಿಷಯಕ್ಕೆ ಮತ್ತೆ ಬರುತ್ತೇನೆ, ಓದುಗರು ಒತ್ತಿ ಕೇಳಿರುವುದು ಅದನ್ನೇ. ಬಟನ್ ಫೈಲನ್ನೂ ಸೇರಿಸಬೇಕೇ? ತಾಂತ್ರಿಕವಾಗಿ ಒಂದು ಸೂಕ್ಷ್ಮ ಇದೆ. ತೆರೆದಿರುವ ಫೈಲನ್ನು ಲಗತ್ತಿಸಿದರೆ ಕೊನೆಯ ಬಾರಿ ಸೇವ್ ಮಾಡಿದ ರೂಪ ಹೋಗುತ್ತದೆ, ಈಗ ಕಣ್ಣೆದುರು ಕಾಣುತ್ತಿರುವ ತಪ್ಪು ಅದರಲ್ಲಿ ಇಲ್ಲದಿರಬಹುದು. ‘ಸೇವ್ ಕಾಪಿ ಆ್ಯಸ್’ ಆಜ್ಞೆಯಿಂದ ಈ ಕ್ಷಣದ ನಕಲು ತೆಗೆದು ಅದನ್ನು ಲಗತ್ತಿಸಬೇಕು. ಆದರೆ ನನ್ನ ಸಲಹೆ, ತಾನಾಗಿಯೇ ಲಗತ್ತಿಸುವುದು ಬೇಡವೇ ಬೇಡ. ಸದಸ್ಯರ ಫೋನ್ ನಂಬರು, ಆಧಾರ್, ಖಾತೆ ಸಂಖ್ಯೆ ಇರುವ ಫೈಲುಗಳು ನಮ್ಮ ಕಚೇರಿಗಳಲ್ಲಿ ತೀರಾ ಸಾಮಾನ್ಯ. ಜನರ ವೈಯಕ್ತಿಕ ಮಾಹಿತಿಯನ್ನು ಜೋಪಾನ ಮಾಡುವ ಹೊಣೆಯನ್ನು ಅದನ್ನು ಇಟ್ಟುಕೊಂಡವರ ಮೇಲೆ ಹೊರಿಸುವ ಕಾನೂನನ್ನು ಸಂಸತ್ತು 2023ರಲ್ಲಿ ಮಾಡಿದೆ. ಕಾನೂನು ಬರುವ ಮೊದಲೇ ಆ ಅಡಿಕೆ ಸಂಘದ ಕಾರ್ಯದರ್ಶಿಗಳಿಗೆ ಈ ಹೊಣೆ ಗೊತ್ತಿತ್ತು. ಫೈಲ್ ನಿಜವಾಗಿ ಬೇಕಾದರೆ ಉತ್ತರದಲ್ಲಿ ಕೇಳೋಣ. ಹೆಸರು, ಸಂಖ್ಯೆಗಳನ್ನು ಅಳಿಸಿ, ತೊಂದರೆಯಿರುವ ಹತ್ತು ಸಾಲನ್ನಷ್ಟೇ ಕಳಿಸಿ ಎನ್ನೋಣ. ಹತ್ತರಲ್ಲಿ ಎಂಟು ಸಲ ಅದೂ ಬೇಕಾಗುವುದಿಲ್ಲ ಎಂಬುದು ನನ್ನ ಅನುಭವ.

ಕೊನೆಯದಾಗಿ ವಿಳಾಸ. ಅದನ್ನು ಮ್ಯಾಕ್ರೋದೊಳಗೆ ಹುದುಗಿಸಿಡಬೇಡಿ, ಕನ್ನಡದ ವಾಕ್ಯಗಳಿರುವ ಅದೇ ಶೀಟಿನ ಒಂದು ಸೆಲ್ಲಿನಲ್ಲಿಡಿ. ವ್ಯಕ್ತಿಯ ವಿಳಾಸದ ಬದಲು ಹುದ್ದೆಯ ವಿಳಾಸವಿರಲಿ. ನಾನು ಕಂಡ ಒಂದು ಕಡೆ, ಲೆಕ್ಕ ವಿಭಾಗದ ಹಿರಿಯರು ನಿವೃತ್ತರಾದ ಮೇಲೂ ಎಂಟು ತಿಂಗಳು ಅವರ ಹೆಸರಿನ ಪೆಟ್ಟಿಗೆಗೇ ಪತ್ರಗಳು ಹೋಗುತ್ತಿದ್ದವು. ವಿಳಾಸ ಎಲ್ಲಿದೆ, ಹೇಗೆ ಬದಲಿಸುವುದು ಎಂದು ಉಳಿದ ಯಾರಿಗೂ ತಿಳಿದಿರಲಿಲ್ಲ. ಶಾಖೆಯವರು ಬಟನ್ ಒತ್ತುತ್ತಿದ್ದರು, ಕಾಯುತ್ತಿದ್ದರು, ಆಮೇಲೆ ಒತ್ತುವುದನ್ನೇ ಬಿಟ್ಟರು. ಮತ್ತೆ ಆ ಬಟನ್ನಿನ ಮೇಲೆ ಅವರಿಗೆ ನಂಬಿಕೆ ಹುಟ್ಟಿಸಲು ಒಂದು ವರ್ಷ ಬೇಕಾಯಿತು.

ಆದ್ದರಿಂದ ಈ ವಾರ ನಿಮ್ಮ ಫೈಲಿಗೆ ಬಟನ್ ಕೂರಿಸುವವರಲ್ಲಿ ಒಂದು ವಿನಂತಿ. ಅದನ್ನು ಸಿಬ್ಬಂದಿಯ ಕೈಗೆ ಕೊಡುವ ಮೊದಲು ನೀವೇ ಒಮ್ಮೆ ಒತ್ತಿ, ತೆರೆದ ಪತ್ರದಲ್ಲಿ ಮೂರೂ ಪ್ರಶ್ನೆಗೆ ಉತ್ತರ ಬರೆದು ಕಳಿಸಿ. ಆ ಪತ್ರವನ್ನು ಯಾರು ಓದುತ್ತಾರೆ, ಎಷ್ಟು ಹೊತ್ತಿಗೆ ಉತ್ತರ ಬರುತ್ತದೆ ಎಂದು ಕಾದು ನೋಡಿ. ಉತ್ತರ ಬಂದ ದಿನ ಬಟನ್ ಹಂಚಿ.